ಉತ್ತರ: ಬಸಿಗಾಲುವೆ ಅಗಲ ಮಾಡೋ ಮೊದಲು ದಾರಿಯಡಿಯ ಪೈಪ್ ನೋಡಿ

ನೀವು ಕೇಳಿದ್ದು: ಶಿರಸಿ ಕಡೆ 3 ಎಕರೆ ಅಡಿಕೆ ತೋಟ, ಮೇಲೆ 2 ಎಕರೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು). ತೋಟದ ಹೆಚ್ಚುವರಿ ನೀರು ಬಸಿದು ಹೋಗುವ 2 ಅಡಿ ಅಗಲದ ಮುಖ್ಯ ಬಸಿಗಾಲುವೆ ಗಾಡಿದಾರಿ ಹತ್ತಿರ ಉಕ್ಕುತ್ತದೆ, ಮೇಲಿನ 50 ಮೀಟರಿನಲ್ಲಿ ತಳ ಕೊರೆಯುತ್ತದೆ. 3 ಅಡಿ ಮಾಡಿ ಪೂರಾ ಕಾಂಕ್ರೀಟ್ ಹಾಕಲೇ?

ಬೇಡ. ದಾರಿಯಡಿ 1 ಅಡಿ ಪೈಪ್ ಇದೆ ಅಂದಿದ್ದೀರಲ್ಲ, ಉಕ್ಕೋದು ಅದರಿಂದ.

ಮೊದಲು ಬರುವ ನೀರು. 5 ಎಕರೆ ಅಂದರೆ 2 ಹೆಕ್ಟೇರ್. ಜೋರು ಮಳೆ ಗಂಟೆಗೆ 100 ಮಿ.ಮೀ. ಅಂತ ಹಿಡಿಯಿರಿ, ಅದರಲ್ಲಿ ಅರ್ಧ ಹರಿದು ಬರುತ್ತದೆ ಅನ್ನಿ. 0.5 × 100 × 2 ÷ 360 = ಸೆಕೆಂಡಿಗೆ 0.278 ಘನ ಮೀಟರ್, ಅಂದರೆ 278 ಲೀಟರ್ (360ರಿಂದ ಭಾಗಿಸೋದು ಮಿ.ಮೀ., ಹೆಕ್ಟೇರ್, ಗಂಟೆಯ ಲೆಕ್ಕವನ್ನು ಸೆಕೆಂಡಿನ ಘನ ಮೀಟರಿಗೆ ತರಲು).

ಪೈಪಿನ ಲೆಕ್ಕ: ಹರಿವು = 0.6 × ಬಾಯಿಯ ವಿಸ್ತೀರ್ಣ × (19.62 × ಎರಡೂ ಬದಿಯ ನೀರಿನ ಮಟ್ಟದ ವ್ಯತ್ಯಾಸ)ದ ವರ್ಗಮೂಲ. ಅಳತೆಗಳೆಲ್ಲ ಮೀಟರಿನಲ್ಲಿ; 19.62 ಅಂದರೆ ಗುರುತ್ವದ 9.81ರ ಎರಡರಷ್ಟು. 30 ಸೆಂ.ಮೀ. ಪೈಪಿಗೆ ವ್ಯತ್ಯಾಸ 30 ಸೆಂ.ಮೀ. ಇದ್ದಾಗ ಹೋಗುವುದು 103 ಲೀಟರ್ ಮಾತ್ರ. 278 ಹೋಗಬೇಕಾದರೆ ಮೇಲ್ಬದಿಯಲ್ಲಿ 2 ಮೀಟರಿಗೂ ಹೆಚ್ಚು ನೀರು ಏರಿ ನಿಲ್ಲಬೇಕು! 60 ಸೆಂ.ಮೀ. ಪೈಪಾದರೆ 14 ಸೆಂ.ಮೀ. ವ್ಯತ್ಯಾಸ ಸಾಕು. ನನ್ನ ಮಟ್ಟಿಗೆ ಪೈಪಿಗಿಂತ ಚಪ್ಪಡಿ ಮೋರಿ ವಾಸಿ. ಕಾಲುವೆಯ ಅಗಲವೇ ಮುಂದುವರಿಯುತ್ತದೆ, ಸೋಗೆ, ಹಾಳೆ ಸಿಕ್ಕಿಕೊಳ್ಳುವುದು ಕಡಿಮೆ.

ಇನ್ನು ಕಾಲುವೆ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರವೇ ಇಂದಿಗೂ ನಡೆಯುತ್ತಿದೆ: ವೇಗ = ಜಲತ್ರಿಜ್ಯದ 2/3ನೇ ಘಾತ × ಇಳಿಜಾರಿನ ವರ್ಗಮೂಲ ÷ ಒರಟುತನದ ಅಂಕ. ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ನೀರು ತಾಗುವ ತಳ-ಗೋಡೆಗಳ ಅಳತೆಯಿಂದ ಭಾಗಿಸಿದರೆ ಜಲತ್ರಿಜ್ಯ. ಗಾರೆಯಿಲ್ಲದ ಚಿರೆಕಲ್ಲು ಕಟ್ಟಣೆಗೆ ಒರಟುತನ 0.025, ಇಳಿಜಾರು 200ಕ್ಕೆ 1, ಅಗಲ 60, ನೀರಿನ ಆಳ 50 ಸೆಂ.ಮೀ. ಹಾಕಿ ನೋಡಿ: ಜಲತ್ರಿಜ್ಯ 0.3 ÷ 1.6 = 0.1875, ವೇಗ 0.93 ಮೀಟರ್, ಹರಿವು ಸರಿಯಾಗಿ 278 ಲೀಟರ್. ನಿಮ್ಮ 2 ಅಡಿಯೇ ಸಾಕಾಯ್ತು. ಮೇಲೆ 15 ಸೆಂ.ಮೀ. ಬಿಟ್ಟು ಒಟ್ಟು ಆಳ 65 ಇಡಿ. ಆ 15 ದಂಡ ಅಂದ್ಕೋಬೇಡಿ: ಕಸ, ಹುಲ್ಲು ಸೇರಿ ಒರಟುತನ 0.035 ಆದರೆ ಅಷ್ಟೇ ನೀರು ಅಂಚಿನವರೆಗೂ ಬರುತ್ತದೆ.

ತಳ ಕೊರೆಯೋದು ಇಳಿಜಾರಿನಿಂದ. 50 ಮೀಟರಿಗೆ 1 ಮೀಟರ್ ಇಳಿತ ಅಂದರೆ 50ಕ್ಕೆ 1. ನೀರು ಅಷ್ಟೇ ಆಳಕ್ಕೆ ಹರಿದರೆ ವೇಗ ದುಪ್ಪಟ್ಟು, ಮಣ್ಣು ತಡೆಯಲ್ಲ. 200ಕ್ಕೆ 1ರಂತೆ 25 ಸೆಂ.ಮೀ. ಇಳಿಸಿ, ಉಳಿದ 75ನ್ನು 25ರ ಮೂರು ಮೆಟ್ಟಿಲಾಗಿ ಒಡೆಯಿರಿ. ಹೆಚ್ಚಿನವರು ಎಡವೋದು ಇಲ್ಲೇ: ಮೆಟ್ಟಿಲು ಕಟ್ಟಿ ಬುಡಕ್ಕೆ ಒಂದೇ ಒಂದು ಕಲ್ಲು ಹಾಸುತ್ತಾರೆ. ಈ ಹರಿವಿಗೆ ನೀರು ಗೋಡೆಯಿಂದ ಸುಮಾರು 1.2 ಮೀಟರ್ ಮುಂದೆ ಬೀಳುತ್ತದೆ. ಹಾಸು 2 ಮೀಟರ್ ಇರಲಿ, ಕೊನೆಗೆ ನೀರಿಗೆ ಅಡ್ಡವಾಗಿ 8-10 ಸೆಂ.ಮೀ. ಎತ್ತರದ ದಿಂಡು. ಮೆಟ್ಟಿಲಿನ ಗೋಡೆಯನ್ನು ಎರಡೂ ಬದಿ ದರೆಯೊಳಗೆ ಅರ್ಧ ಮೀಟರ್ ಹೊಗಿಸಿ, ಇಲ್ಲವಾದರೆ ನೀರು ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ.

ಕಾಂಕ್ರೀಟ್ ಏಕೆ ಬೇಡ ಅಂದರೆ, ಇದು ಬಸಿಯೋ ಕಾಲುವೆ. ಗೋಡೆ ಮುಚ್ಚಿದರೆ ತೋಟದ ನೀರು ಒಳಗೇ ನಿಂತು ಬೇರು ಕೊಳೆಯುತ್ತದೆ. ಮೆಟ್ಟಿಲಿಗೆ, ಅದರ ಬುಡದ ಕಲ್ಲುಹಾಸಿಗೆ ಮಾತ್ರ ಸಿಮೆಂಟ್ ಗಾರೆ.

ಲೆವೆಲ್ ಹಿಡಿಯೋಕೆ ನೀರು ತುಂಬಿದ ಪಾರದರ್ಶಕ ಪೈಪ್ ಸಾಕು, 10 ಮೀಟರಿಗೆ 5 ಸೆಂ.ಮೀ. ಇಳಿತ. ಕೆಲಸ ಮೋರಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಮೃಗಶಿರ ಮಳೆಯೊಳಗೆ ಮುಗಿಯಬೇಕು. ಮೋರಿಯಾಚೆ ಹಳ್ಳಕ್ಕೆ ಎಷ್ಟು ಇಳಿತ ಇದೆ ಅಂತ ಅಳೆದು ಇಲ್ಲೇ ಹಾಕಿ. ಅಲ್ಲಿ ಹಳ್ಳದ ನೀರೇ ಏರಿ ಹಿಂದೆ ತಳ್ಳುತ್ತಿದ್ದರೆ ಮೋರಿಯ ಲೆಕ್ಕ ಬೇರೆ ಮಾಡಬೇಕು.