ಜ್ವರವೇ ಇಲ್ಲದ ಮಕ್ಕಳ ರಕ್ತ ಯಾಕೆ ಬೇಕು?

ಸುರತ್ಕಲ್ಲಿನ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಬರೆದ ಪತ್ರದ ಮುಖ್ಯ ಭಾಗ:

"ಪೆಸಿಫಿಕ್ ಸಾಗರದ ವನವಾಟು ದೇಶದ ದ್ವೀಪವೊಂದರ ಮಲೇರಿಯಾ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಜ್ವರ ಇಲ್ಲದವರ ರಕ್ತ ತೆಗೆದು ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ರಕ್ತದಲ್ಲಿ ಹುಟ್ಟಿಸುವ ಪ್ರೋಟೀನು) ಇದೆಯಾ ಎಂದು ನೋಡಿದರಂತೆ. ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದೆ ಎಂದೂ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಅದು ಇವತ್ತಿನ ಕಾಯಿಲೆಯ ಬಗ್ಗೆ ಏನು ಹೇಳೀತು? 1990ರ ದಶಕದಲ್ಲಿ ನನಗೆ ಎರಡು ಸಲ ಮಲೇರಿಯಾ ಬಂದಿತ್ತು. ನನ್ನ ರಕ್ತದಲ್ಲಿ ಪ್ರತಿಕಾಯ ಸಿಕ್ಕಿದರೆ ನಮ್ಮೂರಲ್ಲಿ ಈಗ ಮಲೇರಿಯಾ ಇದೆ ಎಂದು ಅರ್ಥವೇ? ಐದು ವರ್ಷದ ಮೊಮ್ಮಗಳ ರಕ್ತದಲ್ಲಿ ಸಿಕ್ಕಿದರೆ ಅವಳಿಗೆ ಮಾತ್ರೆ ಕೊಡಬೇಕೇ? ಇದೇ ದುಡ್ಡಿನಲ್ಲಿ ನೀರಿನ ಟ್ಯಾಂಕುಗಳಿಗೆ ಮುಚ್ಚಳ ಹಾಕಿಸಬಾರದೇ?"

ಸಂಪಾದಕರ ಉತ್ತರ:

ಟೀಚರ್, ನಿಮ್ಮ ಮೊದಲ ಅನುಮಾನ ಸರಿಯಾಗಿಯೇ ಇದೆ. ನಿಮ್ಮ ರಕ್ತದಲ್ಲಿ ಪ್ರತಿಕಾಯ ಸಿಕ್ಕಿದರೆ ಈಗಿನ ಸುರತ್ಕಲ್ ಬಗ್ಗೆ ಏನೂ ತಿಳಿಯುವುದಿಲ್ಲ. ಆದರೆ ನಿಮ್ಮ ಮೊಮ್ಮಗಳ ರಕ್ತದಲ್ಲಿ ಸಿಕ್ಕಿದರೆ ತಿಳಿಯುತ್ತದೆ. ಅವಳು ಹುಟ್ಟಿ ಐದು ವರ್ಷ. ಆ ಪ್ರತಿಕಾಯ ಹುಟ್ಟಿಸಿದ ಸೊಳ್ಳೆ ಈ ಐದು ವರ್ಷದೊಳಗೇ ಕಚ್ಚಿರಬೇಕು. ರಕ್ತದ ಫಲಿತಾಂಶವನ್ನು ವಯಸ್ಸಿನ ಜೊತೆ ಇಟ್ಟು ಓದುವುದರಲ್ಲೇ ಈ ಸಮೀಕ್ಷೆಯ ಪೂರ್ತಿ ಬಲ ಇದೆ. ನಮ್ಮ ಲೇಖನದಲ್ಲಿ ಈ ಮಾತಿಗೆ ಜಾಗ ಸಿಕ್ಕಿದ್ದು ಕಡಿಮೆ, ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಗಣಿತ ಕಲಿಸಿದವರು, ಲೆಕ್ಕದಲ್ಲೇ ನೋಡೋಣ. ಒಂದು ಊರಲ್ಲಿ, ಇನ್ನೂ ಪ್ರತಿಕಾಯ ಇಲ್ಲದ 100 ಜನರಲ್ಲಿ ವರ್ಷಕ್ಕೆ 3 ಜನರಿಗೆ ಅದು ಹುಟ್ಟುತ್ತದೆ ಎಂದಿಟ್ಟುಕೊಳ್ಳಿ. ಹುಟ್ಟಿದ್ದು ಮಾಯವಾಗುವುದಿಲ್ಲ ಎಂದೂ ಸದ್ಯಕ್ಕೆ ಅಂದುಕೊಳ್ಳೋಣ. ಆಗ 10 ವರ್ಷದ ಮಕ್ಕಳಲ್ಲಿ 100ಕ್ಕೆ ಸುಮಾರು 26 ಮಂದಿಯಲ್ಲಿ, 30 ವರ್ಷದವರಲ್ಲಿ ಸುಮಾರು 60 ಮಂದಿಯಲ್ಲಿ ಪ್ರತಿಕಾಯ ಸಿಗಬೇಕು. ಅದೇ ಊರಲ್ಲಿ 10 ವರ್ಷದ ಹಿಂದೆ ಮಲೇರಿಯಾ ಪೂರ್ತಿ ನಿಂತುಹೋಗಿದ್ದರೆ? 10 ವರ್ಷದ ಮಕ್ಕಳಲ್ಲಿ ಯಾರಲ್ಲೂ ಸಿಗಬಾರದು. 30 ವರ್ಷದವರಲ್ಲಿ ಮಾತ್ರ ಸುಮಾರು 46 ಮಂದಿಯಲ್ಲಿ ಸಿಗುತ್ತದೆ. ಗ್ರಾಫಿನಲ್ಲಿ ವಯಸ್ಸನ್ನು ಅಡ್ಡಕ್ಕೂ ಪ್ರತಿಕಾಯ ಇರುವವರ ಪಾಲನ್ನು ಉದ್ದಕ್ಕೂ ಹಾಕಿ. ಗೆರೆ ಎಲ್ಲಿ ಮುರಿಯುತ್ತದೋ ಆ ವಯಸ್ಸಿನವರು ಹುಟ್ಟಿದ ಹೊತ್ತಿಗೆ ಊರಲ್ಲಿ ಏನೋ ಬದಲಾಗಿದೆ. ಒಂದೇ ಸಲ ರಕ್ತ ತೆಗೆದು ಹಿಂದಿನ ಮೂವತ್ತು, ನಲವತ್ತು ವರ್ಷದ ಕಥೆ ತಿಳಿಯುವುದು ಹೀಗೆ. ಪ್ರತಿಕಾಯ ವರ್ಷಗಟ್ಟಲೆ ಉಳಿಯುತ್ತದಲ್ಲ ಎಂದು ನೀವು ಆಕ್ಷೇಪಿಸಿದ್ದೀರಿ. ಅದು ಹಾಗೆ ಉಳಿಯದಿದ್ದರೆ ಈ ಲೆಕ್ಕವೇ ಆಗುತ್ತಿರಲಿಲ್ಲ.

ಇದು ಬರೀ ಕಾಗದದ ಮೇಲಿನ ಲೆಕ್ಕವಲ್ಲ. ಟಾಂಜಾನಿಯಾದ ಈಶಾನ್ಯ ಭಾಗದಲ್ಲಿ ಕಿಲಿಮಂಜಾರೋ, ಉಸಂಬಾರಾ ಬೆಟ್ಟಗಳ ತಪ್ಪಲಿನಿಂದ ಎತ್ತರದವರೆಗೆ ಹಳ್ಳಿಗಳಿವೆ. ಮೇಲೆ ಹೋದಷ್ಟೂ ಚಳಿ ಜಾಸ್ತಿ, ಸೊಳ್ಳೆಯೊಳಗೆ ರೋಗಾಣು ಬೆಳೆಯುವುದು ನಿಧಾನ, ಮಲೇರಿಯಾ ಕಡಿಮೆ. ಅಲ್ಲಿ ಬೇರೆ ಬೇರೆ ಎತ್ತರದ ಹಳ್ಳಿಗಳ ಜನರ ರಕ್ತದಲ್ಲಿ ಪ್ರತಿಕಾಯ ನೋಡಿದರು. ವಯಸ್ಸಿನ ಲೆಕ್ಕದಿಂದ ಬಂದ ಸೋಂಕಿನ ವೇಗ, ಸೊಳ್ಳೆಗಳ ಲೆಕ್ಕದಿಂದ ಬಂದ ವೇಗಕ್ಕೆ ಚೆನ್ನಾಗಿ ಹೊಂದಿಕೊಂಡಿತು. 2005ರಲ್ಲಿ ಪ್ರಕಟವಾದ ಈ ಅಧ್ಯಯನದ ಮೇಲೆ ಈ ಕ್ಷೇತ್ರದ ಮುಂದಿನ ಕೆಲಸ ಬಹಳಷ್ಟು ನಿಂತಿದೆ. ಅದಕ್ಕೂ ಹಿಂದೆ, 1970ರ ದಶಕದಲ್ಲೇ, ಮಲೇರಿಯಾ ಮರೆಯಾಗುತ್ತಿದ್ದ ಮಾರಿಷಸ್ ಮತ್ತು ಗ್ರೀಸ್ ದೇಶಗಳಲ್ಲಿ ಪ್ರತಿಕಾಯ ನೋಡಿ ನಿಗಾ ಇಟ್ಟಿದ್ದರು.

ಇನ್ನು ನಮ್ಮ ಲೇಖನದಲ್ಲಿದ್ದ ವನವಾಟುವಿನ ಅನೈಟಿಯಂ ದ್ವೀಪ. ಅಲ್ಲಿ 1991ರಲ್ಲಿ ಏಳುನೂರು ಚಿಲ್ಲರೆ ಜನರಿಗೆಲ್ಲ ವಾರಕ್ಕೊಮ್ಮೆಯಂತೆ 9 ವಾರ ಮಾತ್ರೆ ಕೊಟ್ಟರು, ಸೊಳ್ಳೆ ಪರದೆ ಹಂಚಿದರು. ಮಲೇರಿಯಾ ರೋಗಾಣುವಿನ ಎರಡು ಬಗೆಗಳಲ್ಲಿ ಮೊದಲು ಫಾಲ್ಸಿಪಾರಂ ಹೋಯಿತು, 1996ರ ಹೊತ್ತಿಗೆ ವೈವಾಕ್ಸ್ ಕೂಡ ಹೋಯಿತು. ವರ್ಷಗಳ ಮೇಲೆ ಅಲ್ಲಿನವರ ರಕ್ತ ನೋಡಿದಾಗ ದೊಡ್ಡವರಲ್ಲಿ ಪ್ರತಿಕಾಯ ಇತ್ತು, ಅಭಿಯಾನದ ನಂತರ ಹುಟ್ಟಿದವರಲ್ಲಿ ತೀರಾ ಕಡಿಮೆ. ಮಕ್ಕಳ ರಕ್ತ ತೆಗೆಯದಿದ್ದರೆ ಈ ಮಾತು ಹೇಳಲು ಆಗುತ್ತಿತ್ತೇ?

ಜ್ವರ ಬಂದವರ ರಕ್ತವನ್ನು ಸ್ಲೈಡಿನಲ್ಲಿ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಕಾಯಿಲೆ ಜಾಸ್ತಿ ಇರುವ ಕಡೆ ಸಾಕು. ಕಡಿಮೆಯಾದ ಕಡೆ ತೊಂದರೆ ಶುರು. ಊರಲ್ಲಿ 500 ಜನರಲ್ಲಿ ಒಬ್ಬರ ರಕ್ತದಲ್ಲಿ ಮಾತ್ರ ರೋಗಾಣು ಇದೆ ಎಂದಿಟ್ಟುಕೊಳ್ಳಿ. 200 ಜನರನ್ನು ಪರೀಕ್ಷಿಸಿದರೆ ಮೂರರಲ್ಲಿ ಎರಡು ಸಲ ಒಬ್ಬರೂ ಸಿಗುವುದಿಲ್ಲ. ಸೊನ್ನೆ ಬಂತು ಎಂದು ನಾವು ನೆಮ್ಮದಿಯಾಗಿ ಕೂರುತ್ತೇವೆ. ಅದರ ಮೇಲೆ, ಕೆಲವರಲ್ಲಿ ರೋಗಾಣು ಎಷ್ಟು ಕಡಿಮೆ ಇರುತ್ತದೆ ಎಂದರೆ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ, ಜ್ವರವೂ ಬರುವುದಿಲ್ಲ. ರೋಗಾಣು ರಕ್ತದಲ್ಲಿ ಇರುವುದು ಕೆಲವು ದಿನ ಅಥವಾ ತಿಂಗಳು, ಪ್ರತಿಕಾಯ ಉಳಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ. ಹಾಗಾಗಿ ಅದೇ 200 ಜನರಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು.

ಸೊನ್ನೆ ನಂಬಿ ಕೂತರೆ ಏನಾಗುತ್ತದೆ ಎಂಬುದನ್ನು ಪಕ್ಕದ ಶ್ರೀಲಂಕಾ ಅನುಭವಿಸಿದೆ. 1963ರಲ್ಲಿ ಅಲ್ಲಿ ಇಡೀ ದೇಶಕ್ಕೆ 17 ಪ್ರಕರಣ ಮಾತ್ರ ಇದ್ದವು. ಔಷಧಿ ಸಿಂಪಡಿಸುವುದು ನಿಂತಿತು, ನಿಗಾ ಸಡಿಲವಾಯಿತು. ಆ ದಶಕ ಮುಗಿಯುವುದರೊಳಗೆ ವರ್ಷಕ್ಕೆ ಐದು ಲಕ್ಷದ ಮೇಲೆ ಹೋಯಿತು. ಮತ್ತೆ ಮೇಲೆದ್ದು, ಮಲೇರಿಯಾ ಮುಕ್ತ ಎಂಬ ಮನ್ನಣೆಯನ್ನು ವಿಶ್ವ ಆರೋಗ್ಯ ಸಂಸ್ಥೆಯಿಂದ ಪಡೆಯಲು 2016ರವರೆಗೆ ಕಾಯಬೇಕಾಯಿತು. ಭಾರತ 2030ರೊಳಗೆ ಮಲೇರಿಯಾ ತೊಲಗಿಸುವ ಗುರಿ ಇಟ್ಟುಕೊಂಡಿರುವಾಗ ಈ ಕಥೆಯನ್ನು ನಾವು ಮರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ನಿಮ್ಮ ಎರಡನೇ ಪ್ರಶ್ನೆ. ಮೊಮ್ಮಗಳಿಗೆ ಮಾತ್ರೆ ಕೊಡಬೇಕೇ? ಬೇಡ. ಪ್ರತಿಕಾಯ ಇದೆ ಎಂದರೆ ಎಂದೋ ಸೋಂಕು ತಗಲಿತ್ತು ಎಂದಷ್ಟೇ. ಈಗ ಕಾಯಿಲೆ ಇದೆ ಎಂದಲ್ಲ. ಈ ಪರೀಕ್ಷೆ ಊರಿನ ಸ್ಥಿತಿ ಹೇಳುತ್ತದೆ, ಒಬ್ಬ ಮನುಷ್ಯನ ರೋಗ ಹೇಳುವುದಿಲ್ಲ.

ಆದರೆ ಇಲ್ಲೊಂದು ಹೊಸ ಬೆಳವಣಿಗೆ ಇದೆ. ಮಂಗಳೂರು ಕಡೆ ಹೆಚ್ಚಾಗಿ ಕಾಣುವ ವೈವಾಕ್ಸ್ ಮಲೇರಿಯಾ ಲಿವರಿನಲ್ಲಿ ಅಡಗಿ ಕೂತು ವಾರಗಳೋ ತಿಂಗಳುಗಳೋ ಆದ ಮೇಲೆ ಮತ್ತೆ ಏಳುತ್ತದೆ. ಅಡಗಿದ ರೋಗಾಣುವನ್ನು ನೇರವಾಗಿ ತೋರಿಸುವ ರಕ್ತಪರೀಕ್ಷೆ ಇಲ್ಲ. 2020ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಬೇರೆ ದೇಶಗಳವರ ಜೊತೆ ಸೇರಿ ಒಂದು ದಾರಿ ತೋರಿಸಿದರು. ಥಾಯ್ಲೆಂಡ್, ಬ್ರೆಜಿಲ್, ಸಾಲೊಮನ್ ದ್ವೀಪಗಳ ಜನರ ರಕ್ತ ಬಳಸಿ, ರೋಗಾಣುವಿನ 8 ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳನ್ನು ಒಟ್ಟಿಗೆ ಅಳೆದರು. ಕಳೆದ 9 ತಿಂಗಳಲ್ಲಿ ವೈವಾಕ್ಸ್ ತಗಲಿತ್ತೇ ಎಂಬುದನ್ನು, ತಗಲಿದವರಲ್ಲೂ ತಗಲದವರಲ್ಲೂ ನೂರಕ್ಕೆ 80ರಷ್ಟು ಸರಿಯಾಗಿ ಹೇಳಬಹುದು ಎಂದರು. ಅಂಥವರಿಗೆ ಲಿವರಿನ ರೋಗಾಣು ಕೊಲ್ಲುವ ಮಾತ್ರೆ ಕೊಡೋಣ ಎಂಬುದು ಅವರ ಯೋಚನೆ.

ನನಗೆ ಇದು ಖುಷಿಯ ಸುದ್ದಿ. ಆದರೂ ಕಾಯಿಲೆ ತೀರಾ ಕಡಿಮೆ ಇರುವ ಊರಲ್ಲಿ ಈ 80ನ್ನು ಇಟ್ಟು ನೋಡಿ. 1000 ಜನರಲ್ಲಿ ನಿಜವಾಗಿ ಸೋಂಕು ತಗಲಿದವರು 20. ಅವರಲ್ಲಿ 16 ಜನ ಸಿಗುತ್ತಾರೆ. ಉಳಿದ 980 ಜನರಲ್ಲಿ ನೂರಕ್ಕೆ 20ರಂತೆ 196 ಜನರಿಗೆ ಸುಮ್ನೆ ಪಾಸಿಟಿವ್ ಬರುತ್ತದೆ. ಅಂದರೆ 16 ಜನರಿಗೆ ಉಪಕಾರ ಮಾಡಲು 212 ಜನರಿಗೆ ಮಾತ್ರೆ ನುಂಗಿಸಬೇಕು. ಆ ಮಾತ್ರೆ ಪ್ರೈಮಾಕ್ವಿನ್, 14 ದಿನದ ಕೋರ್ಸ್. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಹುದು. ಹಾಗಾಗಿ ಕಾಯಿಲೆ ಅಳಿದುಳಿದ ಕಡೆ ಇದನ್ನು ಮನೆಮನೆಗೆ ಒಯ್ಯುವ ಮೊದಲು ಹತ್ತು ಸಲ ಯೋಚಿಸಬೇಕು. ಯಾವ ವಾರ್ಡಿನಲ್ಲಿ, ಯಾವ ಕಟ್ಟಡ ಕೆಲಸಗಾರರ ಶೆಡ್ಡುಗಳ ಸುತ್ತ ಸೋಂಕು ಇನ್ನೂ ಓಡಾಡುತ್ತಿದೆ ಎಂದು ಹುಡುಕಲು ಬಳಸಿದರೆ ಒಳ್ಳೆಯದು. ಆಗಲೂ ಕೇಳಿ ಬರೆದುಕೊಳ್ಳಬೇಕಾದ್ದು ಇದೆ. ಮಗು ಹುಟ್ಟಿದ್ದು ಎಲ್ಲಿ, ಕಳೆದ ವರ್ಷ ಇದ್ದದ್ದು ಎಲ್ಲಿ? ಒಡಿಶಾದ ಹಳ್ಳಿಯಲ್ಲಿ ತಗಲಿದ ಸೋಂಕಿಗೆ ಮಂಗಳೂರಿನ ಸೊಳ್ಳೆಯನ್ನು ದೂರಿದರೆ ಲೆಕ್ಕ ತಪ್ಪುತ್ತದೆ. ತಾಯಿಯಿಂದ ಬಂದ ಪ್ರತಿಕಾಯ ಎಳೆ ಮಕ್ಕಳಲ್ಲಿ ಕೆಲವು ತಿಂಗಳು ಇರುತ್ತದೆ, ಅವರನ್ನೂ ಲೆಕ್ಕಕ್ಕೆ ಹಿಡಿಯಬಾರದು.

ಟ್ಯಾಂಕಿನ ಮುಚ್ಚಳದ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆ ಇಡುವುದೇ ತೆರೆದ ಟ್ಯಾಂಕು, ಬಾವಿ, ಕಟ್ಟಡ ಕೆಲಸದ ಕಡೆ ನಿಂತ ನೀರಿನಲ್ಲಿ. ಎರಡರಲ್ಲಿ ಒಂದೇ ಆಗುವುದು ಎಂದರೆ ನಾನು ಮುಚ್ಚಳ ಎನ್ನುತ್ತೇನೆ. ಆದರೆ ಸಮೀಕ್ಷೆ ಪ್ರತಿ ವರ್ಷದ ಖರ್ಚಲ್ಲ. ಕೆಲವು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಬೆರಳಿನಿಂದ ಒಂದೆರಡು ಹನಿ ರಕ್ತ ಫಿಲ್ಟರ್ ಕಾಗದದ ಮೇಲೆ ಒಣಗಿಸಿ ಒಯ್ಯಬಹುದು. ಬೇರೆ ಕೆಲಸಕ್ಕೆ ತೆಗೆದ ರಕ್ತವೂ ಆಗುತ್ತದೆ. 2012ರಲ್ಲಿ ಕಾಂಬೋಡಿಯಾದಲ್ಲಿ ಮಹಿಳೆಯರಿಂದ ತೆಗೆದ ಒಂದೇ ಮಾದರಿಯಲ್ಲಿ ಮಲೇರಿಯಾ, ಆನೆಕಾಲು ರೋಗ ಸೇರಿ ಹಲವು ಕಾಯಿಲೆಗಳ ಪ್ರತಿಕಾಯ ನೋಡಿದ್ದರು.

ಅಂಥ ತಂಡ ಎಂದಾದರೂ ನಿಮ್ಮ ಮನೆಗೂ ಬಂದರೆ ಧಾರಾಳವಾಗಿ ಪ್ರಶ್ನೆ ಕೇಳಿ. ಯಾವ ಕಾಯಿಲೆಗಳಿಗೆ ನೋಡುತ್ತೀರಿ, ರಕ್ತ ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ, ನಮ್ಮ ವಾರ್ಡಿನ ಫಲಿತಾಂಶ ನಮಗೆ ಯಾವಾಗ ಹೇಳುತ್ತೀರಿ ಎಂದು ಕೇಳುವ ಹಕ್ಕು ನಿಮಗಿದೆ. ಮಗುವಿನ ಬೆರಳು ಚುಚ್ಚಲು ಮನೆಯವರ ಒಪ್ಪಿಗೆ ಬೇಕೇ ಬೇಕು. ಸಮೀಕ್ಷೆ ಬರಲಿ ಬಿಡಲಿ, ಮನೆಯಲ್ಲಿ ಯಾರಿಗೇ ಜ್ವರ ಬಂದರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ವೈವಾಕ್ಸ್ ಎಂದು ಬಂದರೆ, ಮೂರನೇ ದಿನಕ್ಕೇ ಜ್ವರ ಬಿಟ್ಟಿತೆಂದು ನಿಲ್ಲಿಸದೆ ವೈದ್ಯರು ಹೇಳಿದ 14 ದಿನದ ಮಾತ್ರೆ ಮುಗಿಸಿ.