9 ವರ್ಷದ ಹುಡುಗ, ಮತ್ತೆ ಒದ್ದೆಯಾಗತೊಡಗಿದ ಹಾಸಿಗೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗ ನಾಲ್ಕು ವರ್ಷಕ್ಕೇ ಹಾಸಿಗೆ ಒದ್ದೆ ಮಾಡುವುದನ್ನು ನಿಲ್ಲಿಸಿದ್ದ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ರಾತ್ರೋರಾತ್ರಿ ಮನೆ ಬಿಟ್ಟು ಓಡಿದ ಕುಟುಂಬ ಇದು. ಪರಿಹಾರ ಕೇಂದ್ರದಲ್ಲಿ ಮತ್ತೆ ಶುರುವಾಯಿತು. ಬಾಡಿಗೆ ಮನೆಗೆ ಬಂದ ಮೇಲೆ ಹಗಲಲ್ಲೂ ಚಡ್ಡಿ ಒದ್ದೆ.

"ಬೇಕೂಂತ್ಲೇ ಮಾಡ್ತಾನೆ ಮೇಡಂ" ಎಂದರು ತಾಯಿ. ನಾಚಿಕೆಯಾಗಲಿ ಅಂತ ಅಜ್ಜಿ ಒದ್ದೆ ಚಾಪೆಯನ್ನು ಎಲ್ಲರಿಗೂ ಕಾಣುವಂತೆ ಅಂಗಳದಲ್ಲಿ ಹಾಕುತ್ತಿದ್ದರಂತೆ. ಮೊದಲು ಅದು ನಿಲ್ಲಬೇಕು ಎಂದೆ. ನಿದ್ದೆಯಲ್ಲಿ ಆಗುವುದನ್ನು ಯಾರಾದರೂ ಬೇಕೂಂತ ಮಾಡುತ್ತಾರಾ?

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿದೆ. ಮೂತ್ರದ ಸೋಂಕು ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಮಲಬದ್ಧತೆ ಮಾತ್ರ ಜೋರಾಗಿತ್ತು. ಕೇಂದ್ರದ ಶೌಚಾಲಯ ಹೊರಗಡೆ, ಕತ್ತಲು, ಕ್ಯೂ ಬೇರೆ. ಹುಡುಗ ಎರಡನ್ನೂ ತಡೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದ. ಗಟ್ಟಿಯಾದ ಮಲ ತುಂಬಿಕೊಂಡರೆ ಮೂತ್ರಕೋಶವನ್ನು ಒತ್ತುತ್ತದೆ. ಅದು ಬೇಗ ತುಂಬುತ್ತದೆ, ಪೂರ್ತಿ ಖಾಲಿಯೂ ಆಗುವುದಿಲ್ಲ.

ಆಮೇಲೆ ಅವನೊಬ್ಬನ ಜೊತೆ ಮಾತಾಡಿದೆ. ಕೇಂದ್ರದಲ್ಲಿ ಯಾರ ಹತ್ತಿರ ಹೋಗಲು ಇಷ್ಟ ಇರಲಿಲ್ಲ ಎಂದೂ ಕೇಳಿದೆ. ಇಂಥ ಪ್ರಕರಣದಲ್ಲಿ ಈ ಪ್ರಶ್ನೆ ಬಿಡುವ ಹಾಗಿಲ್ಲ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕಿತ್ತು. ಅಂಥದ್ದೇನೂ ಇರಲಿಲ್ಲ. "ರಾತ್ರಿ ಎದ್ರೆ ಗುಡ್ಡದ ಸದ್ದು ಕೇಳ್ಸುತ್ತೆ" ಎಂದ. ಎಚ್ಚರವಾದರೂ ಮೇಲೇಳುತ್ತಿರಲಿಲ್ಲ, ಅಷ್ಟೇ.

ಮನೆಯವರಿಗೆ ಹೇಳಿದ್ದು ಇಷ್ಟು. ಡಾಕ್ಟರ್ ಕೊಟ್ಟ ಮಲ ಸಡಿಲಿಸುವ ಔಷಧಿಯನ್ನು ಸರಿಹೋಯ್ತು ಅಂತ ನೀವೇ ನಿಲ್ಲಿಸಬೇಡಿ. ಹಗಲು ನೀರು ಚೆನ್ನಾಗಿ ಕೊಡಿ, ಸಂಜೆ ಮೇಲೆ ಕಡಿಮೆ ಮಾಡಿ. (ಇವರು ಇಡೀ ದಿನ ನೀರು ಕಡಿಮೆ ಮಾಡಿದ್ದರು, ಮಲ ಇನ್ನಷ್ಟು ಗಟ್ಟಿಯಾಗದೆ ಏನಾಗುತ್ತೆ?) ಅರ್ಜೆಂಟ್ ಇರಲಿ ಬಿಡಲಿ, ಎರಡು–ಮೂರು ಗಂಟೆಗೊಮ್ಮೆ ಶೌಚಾಲಯಕ್ಕೆ ಹೋಗಲಿ. ಟೀಚರ್‌ಗೂ ಹೇಳಿಡಿ. ರಾತ್ರಿ ಸಣ್ಣ ಬಲ್ಬ್ ಉರಿಯಲಿ, ಅಪ್ಪ ಜೊತೆಗೆ ಹೋಗಲಿ.

ಒದ್ದೆಯಾದ ಕೂಡಲೇ ಬಡಿದುಕೊಳ್ಳುವ ಅಲಾರಂ ತರಲಾ ಎಂದು ತಾಯಿ ಕೇಳಿದರು. ಬೇರೆ ಮಕ್ಕಳಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ರಾತ್ರಿ ಸದ್ದಿಗೇ ಬೆಚ್ಚುವ ಮಗುವಿಗೆ ಸದ್ಯಕ್ಕೆ ಬೇಡ ಎಂದೆ. ಆ ರಾತ್ರಿಯ ಭಯಕ್ಕೆ ಬೇರೆ ಚಿಕಿತ್ಸೆ ಶುರುಮಾಡಿದೆವು. ಚಿತ್ರ ಬರೆಯುತ್ತಾ ನಡೆದಿದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿದ.

ಹಗಲಿನದು ಮೊದಲು ನಿಂತಿತು, ರಾತ್ರಿಯದು ನಿಧಾನವಾಗಿ. ಮುಂದಿನ ಮಳೆಗಾಲದಲ್ಲಿ ಕೆಲವು ರಾತ್ರಿ ಮತ್ತೆ ಒದ್ದೆಯಾಯಿತು. ಹಾಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಮನೆಯವರು ಗಾಬರಿಯಾಗಲಿಲ್ಲ. ಬೆಡ್‌ಶೀಟ್ ಬದಲಿಸಿ, ಶೌಚಾಲಯದ ಟೈಮ್ ತಪ್ಪಿಸದೆ ಮುಂದುವರಿಸಿದರು.