ಅಮೆರಿಕದಲ್ಲಿ ಊರಿಂದ ಊರಿಗೆ ಇಂಗ್ಲಿಷ್ ಬದಲಾಗುತ್ತದೆಯೇ? ಅಲ್ಲಿನ ದಿನನಿತ್ಯದ ಬದುಕು ಹೇಗೆ?

ನೀವು ಎರಡು ವಿಷಯ ಕೇಳಿದ್ದೀರಿ. ಅಮೆರಿಕದಲ್ಲಿ ಒಂದೊಂದು ಕಡೆ ಒಂದೊಂದು ಥರ ಇಂಗ್ಲಿಷ್ ಇರುತ್ತಾ ಅನ್ನೋದು ಒಂದು. ಕೆಲಸಕ್ಕೆ ಅಂತ ಹೊರಟಿರುವ ನೀವು ಮೊದಲೇ ಉಚ್ಚಾರಣೆಯ ಕ್ಲಾಸಿಗೆ ಸೇರಬೇಕಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಬೇಡ, ದುಡ್ಡು ಉಳಿಸಿ.

ನಾನು ಪಿಟ್ಸ್‌ಬರ್ಗ್, ಮಿನಿಯಾಪೊಲಿಸ್, ಅಟ್ಲಾಂಟಾ ಮೂರು ಕಡೆ ಸಂಸಾರ ಮಾಡಿದವನು. ಬೇರೆ ಊರುಗಳಿಗೆ ಕೆಲಸದ ಮೇಲೆ ಹೋಗಿ ಬಂದಿದ್ದೇನೆ, ಅಷ್ಟೆ. ನನಗೆ ಕಂಡಂತೆ ಉಚ್ಚಾರಣೆ ದೊಡ್ಡ ತೊಂದರೆಯೇ ಅಲ್ಲ, ಕೆಲವು ವಾರಗಳಲ್ಲಿ ಕಿವಿಗೆ ಒಗ್ಗುತ್ತದೆ. ಯಾವ ಊರಿನವರು ಹೂಂ ಅಂದರೆ ಹೂಂ, ಯಾವ ಊರಿನವರು ಹೂಂ ಅಂದರೆ ಊಹೂಂ, ಅದು ತಿಳಿಯೋದಕ್ಕೇ ಜಾಸ್ತಿ ಕಾಲ ಬೇಕು.

ಆಫೀಸಿನಲ್ಲಿ ಇದೆಲ್ಲ ಅಷ್ಟಾಗಿ ಕಾಣುವುದಿಲ್ಲ. ಮೀಟಿಂಗಿನಲ್ಲಿ ಎಲ್ಲರೂ ಟಿವಿಯವರ ಥರ ಮಾತಾಡುತ್ತಾರೆ. ಊರಿನ ಮಾತು ಕಿವಿಗೆ ಬೀಳಬೇಕಾದರೆ ನಲ್ಲಿ ರಿಪೇರಿಗೆ ಬಂದವರ ಹತ್ತಿರ, ಸ್ಕೂಲ್ ಬಸ್ ಓಡಿಸುವವರ ಹತ್ತಿರ, ಪಕ್ಕದ ಮನೆ ಅಜ್ಜಿ ಹತ್ತಿರ ಮಾತಾಡಬೇಕು. ಹಾಗಂತ ಹೆದರಬೇಡಿ. ನಮ್ಮಲ್ಲಿ ಧಾರವಾಡದಿಂದ ಮೈಸೂರಿಗೆ ಬಂದರೆ ಮಾತಿನ ಕೊನೆಯೇ ಬದಲಾಗುತ್ತದಲ್ಲ, ಅಷ್ಟು ದೊಡ್ಡ ಅಂತರ ಅಲ್ಲಿಲ್ಲ. ಬದಲಾಗುವುದು ಹೆಚ್ಚಾಗಿ ಸ್ವರಗಳು, ಜೊತೆಗೆ ಅಂಗಡಿ, ಅಡುಗೆಮನೆ, ರಸ್ತೆಯ ಕೆಲವು ಮಾತು. ಅದೂ ಪೂರ್ವದ ಕಡೆ ಜಾಸ್ತಿ. ಅಲ್ಲಿ ಬಿಳಿಯರು ಬಂದು ನೆಲೆಸಿ ಮುನ್ನೂರು ನಾನೂರು ವರ್ಷ ಆಯಿತು. ಒಂದೊಂದು ಕಡೆಗೆ ಬ್ರಿಟನ್ನಿನ ಒಂದೊಂದು ಭಾಗದ ಜನ ಬಂದರು. ಪಶ್ಚಿಮಕ್ಕೆ ಹೋಗುವ ಹೊತ್ತಿಗೆ ಎಲ್ಲರೂ ಬೆರೆತುಹೋಗಿದ್ದರು.

ಪಿಟ್ಸ್‌ಬರ್ಗ್ ಇದಕ್ಕೆ ಒಳ್ಳೆ ಉದಾಹರಣೆ. ಹದಿನೆಂಟನೇ ಶತಮಾನದಲ್ಲಿ ಐರ್ಲೆಂಡಿನ ಉತ್ತರ ಭಾಗದಿಂದ ಬಂದ ಸ್ಕಾಟ್ಸ್-ಐರಿಷ್ ಜನರ ಮಾತು ಅಲ್ಲಿ ಇವತ್ತಿಗೂ ಉಳಿದಿದೆ. ಆಮೇಲೆ ಉಕ್ಕಿನ ಕಾರ್ಖಾನೆಗಳಿಗೆ ಪೋಲೆಂಡ್, ಸ್ಲೊವಾಕಿಯಾ, ಇಟಲಿ ಕಡೆಯ ಕೂಲಿಕಾರರು ಬಂದರು. ಊರು ಪೂರ್ತಿ ಗುಡ್ಡ, ಕಣಿವೆ, ನದಿ. ಒಂದೊಂದು ಗುಡ್ಡದ ಮೇಲೆ ಒಂದೊಂದು ಬಡಾವಣೆ. ಮಾತು ಅಲ್ಲಲ್ಲೇ ಗಟ್ಟಿಯಾಯಿತು. 'ಡೌನ್‌ಟೌನ್' ಅಲ್ಲಿ 'ಡಾನ್‌ಟಾನ್' ಆಗುತ್ತದೆ. ಜಾರುವ ರಸ್ತೆಗೆ 'ಸ್ಲಿಪರಿ' ಅನ್ನದೆ 'ಸ್ಲಿಪ್ಪಿ' ಅನ್ನುತ್ತಾರೆ. ಮನೆ ಚೊಕ್ಕ ಮಾಡೋದು 'ರೆಡ್ ಅಪ್'. ಇನ್ನೊಬ್ಬರ ಮನೆ ವಿಷಯಕ್ಕೆ ಮೂಗು ತೂರಿಸುವವರು 'ನೆಬ್ಬಿ'. ಕಾರು ತೊಳೆಯಬೇಕು ಅನ್ನೋದಕ್ಕೆ 'ದ ಕಾರ್ ನೀಡ್ಸ್ ವಾಶ್ಡ್' ಅಂತಾರೆ, ನಮ್ಮ ಇಂಗ್ಲಿಷ್ ಮೇಷ್ಟ್ರು ಕೇಳಿದ್ದರೆ ಬೆತ್ತ ಹುಡುಕುತ್ತಿದ್ದರು. ನನಗೆ ಇಷ್ಟವಾದದ್ದು ಮಾತಿನ ಕೊನೆಗೆ ಸೇರಿಸುವ 'ಎನ್ ಆಟ್'. 'ಕಾಫಿ ಎನ್ ಆಟ್' ಅಂದರೆ ಥೇಟ್ ನಮ್ಮ ಕಾಫಿ ಗೀಫಿ.

ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಗಂಡ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ದಾರಿ ಕೇಳಿದರೆ 'ಹಳೇ ಬೇಕರಿ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ' ಅನ್ನೋರು. ಬೇಕರಿ ಎಂದೋ ಮುಚ್ಚಿಹೋಗಿತ್ತು. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೂ ಅವರು ಹೀಗೇ ದಾರಿ ಹೇಳಿದ್ದರು, ಇಲ್ಲದ ಮೂರು ಅಂಗಡಿಗಳ ಗುರುತಿನ ಮೇಲೆ. ಆ ಊರಿನಲ್ಲಿ ಇದು ಮಾಮೂಲು. ಹಿಮ ಬಿದ್ದ ಮರುದಿನ ಅವರ ಮನೆ ಮುಂದಿನ ರಸ್ತೆಯಲ್ಲಿ ಒಂದು ಹಳೇ ಮಡಚುವ ಕುರ್ಚಿ ಕೂತಿರುತ್ತಿತ್ತು. ಹಿಮ ಬಾಚಿ ಕಾರಿಗೆ ಜಾಗ ಮಾಡಿಕೊಂಡವರು ಅಲ್ಲಿ ಕುರ್ಚಿ ಇಟ್ಟು ಹೋಗುತ್ತಾರೆ. ಕಾನೂನು ಏನೇ ಹೇಳಲಿ, ಆ ಕುರ್ಚಿ ಮುಟ್ಟಿ ಅಲ್ಲಿ ಗಾಡಿ ನಿಲ್ಲಿಸುವ ಧೈರ್ಯ ಯಾರೂ ಮಾಡುವುದಿಲ್ಲ, ನೀವೂ ಮಾಡಬೇಡಿ. ಇನ್ನೊಂದು: ಸಿಗ್ನಲ್ ಹಸಿರಾದ ತಕ್ಷಣ ಎದುರಿನಿಂದ ಮೊದಲ ಕಾರು ನಿಮ್ಮ ಮುಂದೆಯೇ ಎಡಕ್ಕೆ ತಿರುಗಿಬಿಡುತ್ತದೆ. ನೀವು ಒಂದು ಕ್ಷಣ ತಡೆದು ಬಿಡಬೇಕು. ಅದಕ್ಕೆ 'ಪಿಟ್ಸ್‌ಬರ್ಗ್ ಲೆಫ್ಟ್' ಅಂತಲೇ ಹೆಸರು.

ಈ ಜನರ ಮಾತು ಒರಟು, ಒಳಗೊಂದು ಹೊರಗೊಂದು ಇಲ್ಲ. ನಿಮ್ಮ ಮೇಲೆ ಸಿಟ್ಟು ಬಂದರೆ ನಿಮಗೇ ಹೇಳುತ್ತಾರೆ.

ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ 'ಯೂ' ಅಲ್ವಾ? ಒಂದಷ್ಟು ಜನರನ್ನು ಒಟ್ಟಿಗೆ ಕರೆಯೋಕೆ ಏನಾದರೂ ಬೇಕಾಗುತ್ತದೆ. ಒಬ್ಬೊಬ್ಬರು ಒಂದೊಂದು ಮಾಡಿಕೊಂಡಿದ್ದಾರೆ. ಪಿಟ್ಸ್‌ಬರ್ಗಿನಲ್ಲಿ 'ಯಿನ್ಜ್', ದಕ್ಷಿಣದಲ್ಲಿ 'ಯಾಲ್', ನ್ಯೂಯಾರ್ಕ್, ಫಿಲಡೆಲ್ಫಿಯಾದ ಹಳಬರಲ್ಲಿ 'ಯೂಸ್', ಉತ್ತರ ಮತ್ತು ಪಶ್ಚಿಮದಲ್ಲಿ 'ಯೂ ಗೈಸ್'. ಯಾರು ಎಲ್ಲಿಯವರು ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ಗುರುತಿಲ್ಲ.

ಮಿನಿಯಾಪೊಲಿಸ್ ಇರುವ ಮಿನೆಸೋಟಾ ರಾಜ್ಯಕ್ಕೆ ಬಂದ ಮೇಲೆ ನನ್ನ ಲೆಕ್ಕ ಎಲ್ಲ ತಲೆಕೆಳಗಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ನಾರ್ವೆ, ಸ್ವೀಡನ್, ಜರ್ಮನಿಯಿಂದ ಬಂದವರ ನಾಡು ಅದು. 'ಮಿನೆಸೋಟಾ' ಅನ್ನುವಾಗ ನಡುವಿನ 'ಓ' ಎಳೆದು ಹೇಳುತ್ತಾರೆ. ಯಾರಿಗಾದರೂ ಸ್ವಲ್ಪ ತಾಗಿದರೆ ಬಾಯಲ್ಲಿ ತಾನಾಗಿ 'ಓಪ್' ಬರುತ್ತದೆ. ಮಾತು ಅರ್ಥವಾಗುವುದು ಸುಲಭ, ಮನಸ್ಸು ಅರ್ಥವಾಗುವುದು ಕಷ್ಟ. ಅಲ್ಲಿ ಯಾರೂ ನೇರವಾಗಿ ಬೇಡ ಅನ್ನುವುದಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದವರೊಬ್ಬರು ಹಾಗಲಕಾಯಿ ಗೊಜ್ಜು ಬಾಯಿಗಿಟ್ಟು, ತುಂಬಾ ಹೊತ್ತು ಸುಮ್ಮನಿದ್ದು, 'ದಟ್ಸ್ ಡಿಫರೆಂಟ್' ಅಂದರು. ಅಲ್ಲಿಯವರ ಬಾಯಲ್ಲಿ ಅದು ಹೊಗಳಿಕೆ ಅಲ್ಲ.

ಅವರ ಮನೆಗೆ ಹೋದರೆ ಹಾಟ್‌ಡಿಶ್ ಇರುತ್ತದೆ. ಮಾಂಸ, ತರಕಾರಿ, ಡಬ್ಬಿಯ ಅಣಬೆ ಸೂಪು ಎಲ್ಲ ಒಂದು ತಟ್ಟೆಗೆ ಸುರಿದು, ಮೇಲೆ ಆಲೂಗಡ್ಡೆಯ ಟೇಟರ್ ಟಾಟ್ಸ್ ಜೋಡಿಸಿ ಓವನ್ನಿಗೆ ಇಟ್ಟದ್ದು. ಸಸ್ಯಾಹಾರಿಗಳು ಮೊದಲೇ ಹೇಳಿರಿ. ಕೊನೆಯ ಕೇಕ್ ತುಂಡನ್ನು ಯಾರೂ ಪೂರ್ತಿ ತಗೊಳ್ಳುವುದಿಲ್ಲ. ಒಬ್ಬರು ಅರ್ಧ ಕತ್ತರಿಸುತ್ತಾರೆ, ಇನ್ನೊಬ್ಬರು ಅದರಲ್ಲಿ ಅರ್ಧ. ಕೊನೆಗೆ ತಟ್ಟೆಯಲ್ಲಿ ಬೆರಳಿನಷ್ಟು ಕೇಕ್ ಉಳಿದಿರುತ್ತದೆ. ಹೊರಡುವಾಗ ತೊಡೆ ತಟ್ಟಿ 'ವೆಲ್ಪ್' ಅಂತ ಏಳುತ್ತಾರೆ. ಅದಾದ ಮೇಲೆ ಬಾಗಿಲಲ್ಲಿ ಒಂದು ಮಾತು, ಕಾರಿನ ಹತ್ತಿರ ಇನ್ನೊಂದು. ಈ ವಿಷಯದಲ್ಲಿ ಅವರು ನಮ್ಮವರೇ.

ಚಳಿಯ ಬಗ್ಗೆ ಎಲ್ಲರೂ ಹೇಳಿರುತ್ತಾರೆ, ನಾನು ಹೇಳುವುದಿಲ್ಲ. ಮಿನಿಯಾಪೊಲಿಸ್‌ನ ನಡುಭಾಗದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಎರಡನೇ ಮಹಡಿಯಲ್ಲಿ ಗಾಜಿನ ಸೇತುವೆಗಳಿವೆ, ಒಟ್ಟು 9 ಮೈಲಿಗೂ ಜಾಸ್ತಿ. ಅದಕ್ಕೆ ಸ್ಕೈವೇ ಅಂತಾರೆ. ಕೋಟು ಹಾಕದೆ ಊಟಕ್ಕೆ ಹೋಗಿ ಬರಬಹುದು. ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಊರು ಪೂರ್ತಿ ಸೈರನ್ ಕೂಗಿದರೆ ಗಾಬರಿ ಆಗಬೇಡಿ, ಸುಂಟರಗಾಳಿ ಸೈರನ್ನಿನ ಪರೀಕ್ಷೆ ಅದು.

ದಕ್ಷಿಣಕ್ಕೆ, ಅಂದರೆ ಅಟ್ಲಾಂಟಾ ಕಡೆ ಬಂದರೆ ಎಲ್ಲ ನಿಧಾನ, ಎಲ್ಲ ಸಿಹಿ. ರೆಸ್ಟೋರೆಂಟಿನಲ್ಲಿ ಸುಮ್ನೆ 'ಟೀ' ಅಂದರೆ ಐಸು, ಸಕ್ಕರೆ ತುಂಬಿದ ದೊಡ್ಡ ಲೋಟ ಬರುತ್ತದೆ. ನಮ್ಮಂಥ ಬಿಸಿ ಟೀ ಬೇಕಾದರೆ 'ಹಾಟ್ ಟೀ' ಅಂತ ಬಾಯಿಬಿಟ್ಟು ಹೇಳಬೇಕು. ಕೋಕಾಕೋಲಾ 1886ರಲ್ಲಿ ಹುಟ್ಟಿದ್ದು ಅಟ್ಲಾಂಟಾದಲ್ಲೇ, ಹಾಗಾಗಿ ಹಳಬರಿಗೆ ಯಾವ ತಂಪು ಪಾನೀಯವೂ 'ಕೋಕ್'. ಅದನ್ನೇ ಮಿನೆಸೋಟಾದಲ್ಲಿ 'ಪಾಪ್', ನ್ಯೂಯಾರ್ಕಿನಲ್ಲಿ 'ಸೋಡಾ' ಅನ್ನುತ್ತಾರೆ. 'ಪಿನ್', 'ಪೆನ್' ಎರಡೂ ಒಂದೇ ಥರ ಕೇಳಿಸುತ್ತವೆ. ಮಕ್ಕಳು ದೊಡ್ಡವರಿಗೆ 'ಯೆಸ್ ಮ್ಯಾಮ್', 'ನೋ ಸರ್' ಅನ್ನಬೇಕು. ನಮ್ಮ ಮನೆ ಹುಡುಗ ಇದನ್ನು ಶಾಲೆಯಲ್ಲಿ ಕಲಿತು ಅವನಮ್ಮನಿಗೇ ಹೇಳತೊಡಗಿದ, ಅವಳಿಗೆ ಖುಷಿಯೋ ಖುಷಿ. 'ಬ್ಲೆಸ್ ಯುವರ್ ಹಾರ್ಟ್' ಅಂತ ಯಾರಾದರೂ ಅಂದರೆ ಮಾತ್ರ ಹುಷಾರು. ನಿಜವಾದ ಕನಿಕರ ಇರಬಹುದು, 'ಅಯ್ಯೋ ಪೆದ್ದು' ಅಂತಲೂ ಇರಬಹುದು. ಮುಖ ನೋಡಿ ತಿಳ್ಕೊಳ್ಳಬೇಕು.

2014ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಎರಡೂವರೆ ಇಂಚಿನಷ್ಟು ಹಿಮ ಬಿದ್ದಿದ್ದಕ್ಕೆ ಊರೇ ನಿಂತುಹೋಯಿತು. ಜನ ಹೆದ್ದಾರಿಯಲ್ಲೇ ಕಾರು ಬಿಟ್ಟು ನಡೆದರು, ಸಾವಿರಾರು ಮಕ್ಕಳು ರಾತ್ರಿ ಶಾಲೆಯಲ್ಲೇ ಮಲಗಿದರು. ಮಿನೆಸೋಟಾದವರಿಗೆ ಅಷ್ಟು ಹಿಮ ಲೆಕ್ಕಕ್ಕೇ ಇಲ್ಲ. ಅಟ್ಲಾಂಟಾದಲ್ಲಿ ಹಿಮ ತೆಗೆಯುವ ಗಾಡಿಗಳೇ ಕಡಿಮೆ, ಎಲ್ಲರೂ ಒಂದೇ ಹೊತ್ತಿಗೆ ಮನೆಗೆ ಹೊರಟರು.

ಹಾಂ, ಅಟ್ಲಾಂಟಾದ ಎಳೆಯರಲ್ಲಿ ಸ್ವರ ಎಳೆದು ಮಾತಾಡುವ ಆ ದಕ್ಷಿಣದ ರೂಢಿ ಈಗ ಅಷ್ಟಿಲ್ಲ. 2023ರಲ್ಲಿ, ಅಟ್ಲಾಂಟಾ ಇರುವ ಜಾರ್ಜಿಯಾ ರಾಜ್ಯದ ಸಂಶೋಧಕರು ಆ ರಾಜ್ಯದ ಬಿಳಿಯರ ಮಾತಿನ ಹಳೇ ಹೊಸ ಧ್ವನಿಮುದ್ರಣಗಳನ್ನು ಹೋಲಿಸಿ ನೋಡಿದರು. 1965ರ ನಂತರ ಹುಟ್ಟಿದವರಿಂದ ಅದು ಜೋರಾಗಿ ಇಳಿದಿದೆ. ಹೊರಗಿನವರು ಅಷ್ಟು ಜನ ಬಂದು ಸೇರಿದ್ದಾರೆ, ನಾವೂ ಸೇರಿ.

ಇನ್ನೊಂದು ಮಾತು ಹೇಳಲೇಬೇಕು. ಅಟ್ಲಾಂಟಾ ಕರಿಯ ಅಮೆರಿಕನ್ನರ ದೊಡ್ಡ ಊರು. ಅವರ ಇಂಗ್ಲಿಷ್ ಕೇಳಿ 'ಇವರಿಗೆ ಗ್ರಾಮರ್ ಬರಲ್ಲ' ಅಂತ ನಮ್ಮವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ನನಗದು ಸರಿ ಕಾಣುವುದಿಲ್ಲ. 'ಹೀ ಬಿ ವರ್ಕಿಂಗ್' ಅಂದರೆ ಈಗ ಕೆಲಸ ಮಾಡುತ್ತಿದ್ದಾನೆ ಅಂತಲ್ಲ, ಮಾಡುತ್ತಿರುತ್ತಾನೆ, ಅದು ಅವನ ರೂಢಿ ಅಂತ. ಅದಕ್ಕೂ ಕಟ್ಟುನಿಟ್ಟಾದ ನಿಯಮ ಇದೆ, ಪಠ್ಯಪುಸ್ತಕದಲ್ಲಿ ಇಲ್ಲ ಅಷ್ಟೆ.

ಯಾವ ಮಾತು ದೊಡ್ಡದು, ಯಾವುದು ಚಿಕ್ಕದು ಅನ್ನೋದೂ ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ನ್ಯೂಯಾರ್ಕಿನಲ್ಲಿ ಒಂದು ಕಾಲಕ್ಕೆ ದೊಡ್ಡ ಮನೆತನದವರೇ 'ರ್' ನುಂಗುತ್ತಿದ್ದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಭಾಷಣ ಕೇಳಿ ನೋಡಿ. ಎರಡನೇ ಮಹಾಯುದ್ಧದ ನಂತರ ಗಾಳಿ ತಿರುಗಿತು, 'ರ್' ಹೇಳುವುದೇ ದೊಡ್ಡಸ್ತಿಕೆ ಆಯಿತು. 1962ರಲ್ಲಿ ವಿಲಿಯಂ ಲಬೊವ್ ಅನ್ನುವ ಭಾಷಾವಿಜ್ಞಾನಿ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ದುಬಾರಿಯ ಸ್ಯಾಕ್ಸ್, ಮಧ್ಯಮದ ಮೇಸಿಸ್, ಅಗ್ಗದ ಎಸ್. ಕ್ಲೈನ್. ಇಂಥ ಸಾಮಾನು ಎಲ್ಲಿದೆ ಅಂತ ಕೇಳಿ, ಕೆಲಸದವರ ಬಾಯಿಂದ 'ಫೋರ್ತ್ ಫ್ಲೋರ್' ಹೇಳಿಸಿದರು. ಕೇಳಿಸಲಿಲ್ಲ ಅನ್ನುವ ಥರ ಇನ್ನೊಮ್ಮೆ ಹೇಳಿಸಿದರು. ಸ್ಯಾಕ್ಸಿನವರು 'ರ್' ಜಾಸ್ತಿ ಹೇಳಿದರು, ಕ್ಲೈನಿನವರು ಎಲ್ಲಕ್ಕಿಂತ ಕಡಿಮೆ.

ಕ್ಯಾಲಿಫೋರ್ನಿಯಾ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಇಲ್ಲ. ಲಾಸ್ ಏಂಜಲಿಸ್ ಕಡೆಯವರು ಹೆದ್ದಾರಿಯನ್ನು 'ದ 101' ಅನ್ನುತ್ತಾರೆ, ಸ್ಯಾನ್ ಫ್ರಾನ್ಸಿಸ್ಕೊದವರು ಬರೀ '101'. ಈ 'ದ' ಬಗ್ಗೆ ಎರಡೂ ಕಡೆಯವರು ಜಗಳ ಆಡುವಷ್ಟು ಪುರುಸೊತ್ತಾಗಿದ್ದಾರೆ.

ಕ್ಲಾಸಿಗೆ ಯಾಕೆ ಬೇಡ ಅಂದೆ ಅಂದರೆ, ಅಲ್ಲಿ ಕಲಿಸುವುದು ಟಿವಿ ಇಂಗ್ಲಿಷ್, ಅದು ನಿಮಗೆ ಈಗಾಗಲೇ ಅರ್ಥವಾಗುತ್ತದೆ. ನಿಮ್ಮ ಮಾತು ಅವರಿಗೆ ತಿಳಿಯೋಕೆ ಒಂದೆರಡು ಸಣ್ಣ ರಿಪೇರಿ ಸಾಕು. ನೀರು ಕೇಳುವಾಗ 'ವಾಟರ್' ಅಂತ 'ಟ' ಒತ್ತಬೇಡಿ, 'ವಾಡರ್' ಅನ್ನುವ ಹಾಗೆ ಮೆತ್ತಗೆ ಹೇಳಿ. ನಮಗೆ ವಿ, ಡಬ್ಲ್ಯೂ ಎರಡೂ ಒಂದೇ 'ವ', ಅವರಿಗೆ ಅಲ್ಲ. 'ವಿ' ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, 'ಡಬ್ಲ್ಯೂ'ಗೆ ತುಟಿ ದುಂಡಗಾಗಬೇಕು. ಇನ್ಶೂರೆನ್ಸಿನವರಿಗೆ ಫೋನಿನಲ್ಲಿ ಹೆಸರು ಬರೆಸುವಾಗ ಅದನ್ನೂ ನಂಬಬೇಡಿ, 'ವಿ ಫಾರ್ ವಿಕ್ಟರ್' ಅಂತ ಒಂದೊಂದೇ ಅಕ್ಷರ ಬಿಡಿಸಿ ಹೇಳಿ. ಇಲ್ಲದಿದ್ದರೆ ಕಾರ್ಡಿನ ಮೇಲೆ ಬೇರೆ ಯಾರದೋ ಹೆಸರು ಬರುತ್ತದೆ, ಅದನ್ನು ತಿದ್ದಿಸೋಕೆ ಮತ್ತೆ ಅದೇ ನಂಬರಿಗೆ ಫೋನ್ ಮಾಡಬೇಕು.